ಹಸಿರು ಬಾಗಿಲ ಮುಂದಿನ ಸಾಲು

ಸಂಪಾದಕಿಯವರ ಫೋನು ಬಂದಾಗ ನಾನು ಕೌಂಟರಿನಲ್ಲಿದ್ದೆ. ಎದುರಿಗೆ ಟೋಕನ್ ಇಪ್ಪತ್ತೆಂಟರ ಅಜ್ಜ ಕನ್ನಡಕ ಕಳೆದುಹೋಯಿತು ಎಂದು ಜೇಬು, ಚೀಲ, ಕುರ್ಚಿಯ ಕೆಳಗೆ ಎಲ್ಲ ತಡಕಾಡುತ್ತಿದ್ದರು. ಅದು ಅವರ ಹಣೆಯ ಮೇಲೇ ಕೂತಿತ್ತು. ನಾನು ಒಂದು ಕೈಯಲ್ಲಿ ಅವರ ಹಣೆ ತೋರಿಸುತ್ತಾ ಇನ್ನೊಂದು ಕೈಯಲ್ಲಿ ಫೋನು ಕಿವಿಗಿಟ್ಟುಕೊಂಡೆ.

ಆ ವಾರಪತ್ರಿಕೆಗೆ ನಾನು ಹತ್ತೊಂಬತ್ತು ವರ್ಷದಿಂದ ಕಥೆ ಕಳಿಸುತ್ತಿದ್ದೆ. ನಲವತ್ತೊಂದು ಕಳಿಸಿದ್ದೆ, ನಲವತ್ತೊಂದೂ ತವರಿಗೆ ಬಂದ ಮಗಳ ಹಾಗೆ ಕ್ಷೇಮವಾಗಿ ಮನೆಗೆ ಬಂದಿದ್ದವು. ಪ್ರತಿಯೊಂದರ ಜೊತೆಗೂ ಸಂಪಾದಕಿಯವರ ಎರಡು ಸಾಲಿನ ಚೀಟಿ ಇರುತ್ತಿತ್ತು, ಹಾಗಾಗಿ ಅವರು ನನಗೆ ಹಳೆಯ ಸ್ನೇಹಿತೆಯೇ. ದನಿ ಮಾತ್ರ ಅವತ್ತು ಮೊದಲ ಸಲ ಕೇಳಿದ್ದು. ವಾರ್ಷಿಕ ವಿಶೇಷಾಂಕ ಮುಗಿಸಿ ತಾವು ನಿವೃತ್ತಿಯಾಗುವುದಾಗಿಯೂ, ತಮ್ಮ ಜಾಗಕ್ಕೆ ಬರುವವರು ಕೈಬರಹದ ಕಥೆಗಳನ್ನು ಲಕೋಟೆ ಕೂಡ ಬಿಚ್ಚದೆ ಪಕ್ಕಕ್ಕಿಡುವವರೆಂದೂ ಹೇಳಿದರು.

"ನಿಮ್ಮ ಪ್ರತಿ ಕಥೇಲೂ ಮೂರು ಒಳ್ಳೆ ವಾಕ್ಯ ಇರ್ತವೆ ಕಣಮ್ಮ," ಎಂದರು. "ಮೂರೂ ಯಾರೋ ಪೇಶೆಂಟು ಆಡಿದ ಮಾತು ಅಂತ ಗೊತ್ತಾಗುತ್ತೆ. ಉಳಿದಿದ್ದೆಲ್ಲ ನೀವು ಹುಟ್ಟಿಸಿದ್ದು. ತಿಂಗಳ ಕೊನೆವರೆಗೂ ಒಂದು ಜಾಗ ಖಾಲಿ ಇಟ್ಟಿರ್ತೀನಿ. ಆಸ್ಪತ್ರೆ ಬೇಡ. ಕೊನೇಲಿ ಬ್ಯಾಂಡೇಜು ಬಿಚ್ಚೋದಂತೂ ಬೇಡವೇ ಬೇಡ."

ಮುಖಕ್ಕೆ ಹೊಡೆದ ಹಾಗಾಯಿತು, ಆದರೆ ಸುಳ್ಳಲ್ಲ. ನನ್ನ ಕೆಲಸ ಕಣ್ಣಾಸ್ಪತ್ರೆಯ ಮೂರನೇ ಕೌಂಟರಿನಲ್ಲಿ ಟೋಕನ್ ಕೊಡುವುದು. ನನ್ನ ನಲವತ್ತೊಂದು ಕಥೆಗಳ ಕೊನೆಯಲ್ಲೂ ಬ್ಯಾಂಡೇಜು ಬಿಚ್ಚುತ್ತಾರೆ, ಯಾರಿಗೋ ಕಣ್ಣು ಬರುತ್ತದೆ, ಎದುರಿಗೆ ತಾಯಿಯೋ ಹೆಂಡತಿಯೋ ನಿಂತಿರುತ್ತಾರೆ.

ಅವತ್ತಿನಿಂದ ಸಂಜೆ ಮನೆಗೆ ಬಂದು, ಹಾಳೆ ಮುಂದಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂರತೊಡಗಿದೆ. ಒಂದು ವಾರ ಕಳೆಯಿತು. ನಮ್ಮವರು ಚಹಾ ತಂದಿಡುವುದು, ಆರಿದ ಲೋಟ ತೆಗೆದುಕೊಂಡು ಹೋಗುವುದು, ಇಷ್ಟೇ ಆ ಮನೆಯಲ್ಲಿ ನಡೆದ ಘಟನೆ.

ನನ್ನ ನಾದಿನಿ ನಮ್ಮ ಜೊತೆಗೇ ಇರುವವಳು. ನಾಲ್ಕು ವರ್ಷದವಳಿದ್ದಾಗ ಒಂದು ಬೋಲ್ಟು ನುಂಗಿ ಎರಡು ದಿನ ಇಡೀ ಮನೆಯನ್ನು ಕಾಯಿಸಿದ್ದಳಂತೆ, ಅವತ್ತಿನಿಂದ ಎಲ್ಲರ ಬಾಯಲ್ಲೂ ಬೋಲ್ಟು. ದೊಡ್ಡವಳಾಗಿ ಲಿಫ್ಟ್ ರಿಪೇರಿಯ ಕೆಲಸಕ್ಕೇ ಸೇರಿದಳು. ಹಗಲೆಲ್ಲ ಯಾವುದೋ ಕಟ್ಟಡದ ಬಾವಿಯಂಥ ಕತ್ತಲಲ್ಲಿ ತಂತಿಗಳ ಮಧ್ಯೆ ಇರುತ್ತಾಳೆ, ಸಂಜೆ ಆರರಿಂದ ಎಂಟರವರೆಗೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕಂಪ್ಯೂಟರಿನಲ್ಲಿ ಯುದ್ಧ ಮಾಡುತ್ತಾಳೆ. ಎಂಟು ವರ್ಷದಿಂದ ಒಂದೇ ಆಟ. ಅದರೊಳಗೊಂದು ಕೋಟೆ, ಪೇಟೆ, ಕಾಡು, ರಾಕ್ಷಸರು, ಜೊತೆಗೆ ಎಲ್ಲೆಲ್ಲಿಂದಲೋ ಬಂದು ಸೇರುವ ನಮ್ಮ ಭಾಷೆಯವರದೇ ಒಂದು ದೊಡ್ಡ ಗುಂಪು. ನೀವೂ ಬನ್ನಿ ಎಂದು ಅವಳು ಕರೆದಾಗಲೆಲ್ಲ ನಾನು ಅದನ್ನು ಮಕ್ಕಳಾಟ ಎಂದು ಎಷ್ಟು ಸಲ ಹಂಗಿಸಿದ್ದೇನೋ ಲೆಕ್ಕವಿಲ್ಲ.

ಆ ಶನಿವಾರ ಅವಳು ಹೆಡ್‌ಫೋನು ಕತ್ತಿಗಿಳಿಸಿ ನನ್ನ ಕಡೆ ತಿರುಗಿದಳು. "ಅತ್ತಿಗೆ, ಒಂದು ವಾರದಿಂದ ಕಿಟಕಿ ಹೊರಗೆ ನೋಡ್ತಿದೀರ. ಅಲ್ಲಿ ನೀರಿನ ಟ್ಯಾಂಕು ಬಿಟ್ರೆ ಏನಿದೆ? ಟ್ಯಾಂಕಿನ ಮೇಲೆ ಕಥೆ ಬರೀತೀರ? ಬನ್ನಿ ಇಲ್ಲಿ, ನಮ್ಮ ಪೇಟೇಲಿ ದಿನಕ್ಕೆ ನೂರು ಕಥೆ ಬಿದ್ದಿರ್ತವೆ, ಎತ್ಕೊಳ್ಳೋರಿಲ್ಲ."

ಬೇರೆ ದಾರಿಯೂ ಇರಲಿಲ್ಲ. ನನಗೊಂದು ವೇಷ ಆರಿಸಬೇಕೆಂದಳು. ಕನ್ನಡಕದ, ಮಂಡಿನೋವಿನ, ಐವತ್ತೆರಡು ವರ್ಷದ ಹೆಂಗಸು ಆ ಪಟ್ಟಿಯಲ್ಲಿ ಇರಲಿಲ್ಲ. ಇದ್ದದ್ದರಲ್ಲಿ ಗಂಭೀರವಾಗಿ ಕಂಡವನು ಕೊಡಲಿ ಹಿಡಿದ ಗಿರಿಜಾ ಮೀಸೆಯ ದೈತ್ಯ. ಅವನೇ ಇರಲಿ ಎಂದೆ. ಹೆಸರು ಕೇಳಿದಾಗ ಬಾಯಿಗೆ ಬಂದದ್ದು ಹೇಳಿದೆ: ಕೌಂಟರ್ ಮೂರು.

ಮೊದಲ ಒಂದು ಗಂಟೆಯಲ್ಲಿ ಒಂದು ಕಪ್ಪೆ ನನ್ನನ್ನು ಏಳು ಸಲ ಕೊಂದಿತು. ಬೋಲ್ಟು ಹೊಟ್ಟೆ ಹಿಡಿದು ನಗುತ್ತಾ, ಹಿಂದಿನ ಗಲ್ಲಿಯಲ್ಲಿ ಕಪ್ಪೆಗಳಿರುವುದಿಲ್ಲ, ಅಲ್ಲಿ ಓಡಾಡಿಕೊಂಡಿರಿ ಎಂದು ಕಳಿಸಿ, ತಾನು ಫೋನಿನಲ್ಲಿ ಅದೇ ಆಟ ತೆರೆದುಕೊಂಡು ಪಕ್ಕದ ಕೋಣೆಗೆ ಹೋದಳು.

ಆಯುಧದ ಅಂಗಡಿಗಳ ಹಿಂದೆ ಕಲ್ಲು ಹಾಸಿದ ಕಿರಿದಾದ ಗಲ್ಲಿ. ಅದರ ತುದಿಯಲ್ಲಿ ಒಂದು ಹಸಿರು ಬಾಗಿಲು, ಹಿತ್ತಾಳೆಯ ಬಳೆ, ಮುಂದೆ ಒಂದು ಮೆಟ್ಟಿಲು. ಬಾಗಿಲ ಮುಂದೆ ಒಬ್ಬರ ಹಿಂದೊಬ್ಬರು ಮೂರು ಜನ ಅಲುಗಾಡದೆ ನಿಂತಿದ್ದರು.

ಇಪ್ಪತ್ತಾರು ವರ್ಷ ಟೋಕನ್ ಕೊಟ್ಟವಳು ಅಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದೆ. ಸುಮ್ಮನೆ ಹೋಗಿ ಮೂರನೆಯವರ ಹಿಂದೆ ನಿಂತುಕೊಂಡೆ.

ಆ ಮೂವರು ಸಾಲಿನಲ್ಲಿ ನಿಂತವರೇ ಅಲ್ಲ ಎಂಬುದು ಆಮೇಲೆ ತಿಳಿದದ್ದು. ಊಟಕ್ಕೋ ಸ್ನಾನಕ್ಕೋ ಎದ್ದುಹೋಗುವ ಆಟಗಾರರು ತಮ್ಮ ವೇಷವನ್ನು ಯಾರೂ ಹೊಡೆಯದ ಜಾಗದಲ್ಲಿ ನಿಲ್ಲಿಸಿ ಹೋಗುತ್ತಾರೆ, ಆ ಗಲ್ಲಿ ಅಂಥ ಜಾಗ. ಅಂದರೆ ನಾನು ಚಪ್ಪಲಿಗಳ ಹಿಂದೆ ಸಾಲು ನಿಂತ ಹಾಗೆ. ಅವತ್ತು ಮಾತ್ರ ನನಗೆ ಅನುಮಾನವೇ ಬರಲಿಲ್ಲ. ಬಾಗಿಲಿದೆ, ಜನ ನಿಂತಿದ್ದಾರೆ, ಇನ್ನೇನು ಬೇಕು?

ಹತ್ತು ನಿಮಿಷಕ್ಕೆ ಗುರಾಣಿ ಹೊತ್ತ ಒಬ್ಬ ಬಂದ. ತಲೆಯ ಮೇಲೆ ಗುಡುಗುಪ್ಪ ಎಂಬ ಹೆಸರು ತೇಲುತ್ತಿತ್ತು. ಗಂಟಲು ಗರಗರ ಅನ್ನುವ ದನಿಯಲ್ಲಿ, ಏನು ಕೊಡ್ತಾರೆ ಇಲ್ಲಿ ಎಂದು ಕೇಳಿದ.

"ಗೊತ್ತಿಲ್ಲಪ್ಪ," ಎಂದೆ. "ಬಾಗಿಲು ತೆಗೆದ ಮೇಲೆ ಹೇಳ್ತಾರೆ. ನಿಮ್ದು ನನ್ನ ಹಿಂದೆ."

ಅವನು ಗುರಾಣಿ ಸಮೇತ ನನ್ನ ಸುತ್ತ ಒಂದು ಸುತ್ತು ಹಾಕಿದ. ಆಮೇಲೆ ಅವನು ಬಂದು ನನ್ನ ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬರು. ಎಂಟು ಗಂಟೆಗೆ ಬೋಲ್ಟು ಬಂದು ನೋಡಿದಾಗ ನನ್ನ ಹಿಂದೆ ಹನ್ನೊಂದು ಜನ. ಅವಳು ತುಟಿ ಕಚ್ಚಿಕೊಂಡು ಒಳಗೆ ಹೋದಳು. ನೀರು ಕುಡಿಯಲು ಹೋದಳೆಂದುಕೊಂಡೆ.

ನನ್ನನ್ನು ಮಾರನೇ ದಿನವೂ ಅಲ್ಲಿಗೆ ಎಳೆದದ್ದು ಬಾಗಿಲಲ್ಲ, ಮಾತು. ಕಣ್ಣಾಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸುವ ಔಷಧಿ ಹಾಕಿ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಿಸುತ್ತಾರೆ. ಆ ಅರ್ಧ ಗಂಟೆಯಲ್ಲಿ ಜನ ಪಕ್ಕದಲ್ಲಿರುವವರು ಯಾರೆಂದೂ ತಿಳಿಯದೆ, ಮುಖ ಕಾಣದ ಧೈರ್ಯಕ್ಕೆ, ಮನೆಯಲ್ಲಿ ಯಾರಿಗೂ ಹೇಳದ್ದನ್ನು ಹೇಳಿಬಿಡುತ್ತಾರೆ. ನನ್ನ ಕಥೆಗಳ ಮೂರು ಒಳ್ಳೆಯ ವಾಕ್ಯ ಬರುತ್ತಿದ್ದದ್ದು ಆ ಬೆಂಚಿನಿಂದ. ಈ ಗಲ್ಲಿಯೂ ಹಾಗೇ. ಕೊಂಬು, ಬಾಲ, ಗುರಾಣಿ ಹಾಕಿಕೊಂಡು ನಿಂತವರೆಲ್ಲ ಕಣ್ಣು ಮುಚ್ಚಿ ಬೆಂಚಿನ ಮೇಲೆ ಕೂತವರೇ.

ಗುಡುಗುಪ್ಪ ಲಾರಿ ಡ್ರೈವರು. ಗೋದಾಮುಗಳ ಗೇಟಿನ ಮುಂದೆ ಸರಕು ಇಳಿಸಲು ತನ್ನ ಸರದಿ ಕಾಯುತ್ತಾ, ಲಾರಿಯ ಸೀಟಿನಲ್ಲೇ ಕೂತು ಆಡುತ್ತಿದ್ದ. ಅರ್ಧ ಬಿಸ್ಕತ್ತು ಎಂಬ ಹೆಸರಿನ ಬಿಲ್ಲುಗಾರ್ತಿ ಮೂರು ತಿಂಗಳ ಬಾಣಂತಿ. ಒಂದು ತೋಳಿನಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಆಟ, ಹಾಗಾಗಿ ಅವಳ ಬಾಣ ಯಾವಾಗಲೂ ಎಡಕ್ಕೇ ಹೋಗುತ್ತಿತ್ತು. ಇನ್ನೊಬ್ಬರನ್ನು ಎಲ್ಲರೂ ಬಾಗಿಲು ಶಾಸ್ತ್ರಿಗಳೆಂದು ಕರೆಯುತ್ತಿದ್ದರು. ನಿಜ ಜೀವನದಲ್ಲಿ ನಕಲಿ ಕೀಲಿ ಮಾಡಿಕೊಡುವ, ಬೀಗ ತೆರೆಯುವ ಕೆಲಸ. ಆಟದ ಅಭಿಮಾನಿಗಳ ಜಾಲತಾಣದಲ್ಲಿ ಹಸಿರು ಬಾಗಿಲಿಗೆಂದೇ ಒಂದು ಪುಟ ಇದೆ, ಅದನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿರುವವರು ಇವರು. ಒಳಗೆ ಏನಿರಬಹುದು ಎಂಬ ಬಗ್ಗೆ ಜನ ಮಾಡಿದ ಇನ್ನೂರ ಹನ್ನೆರಡು ಊಹೆಗಳು ಅಲ್ಲಿವೆ. ಯಾರೋ ಒಳಮನೆಯ ಚಿತ್ರ ಬಿಡಿಸಿದ್ದರು, ಯಾರೋ ಬಾಗಿಲ ಮೇಲೆ ಹಾಡು ಕಟ್ಟಿದ್ದರು, ಒಬ್ಬಾಕೆ ಅದೇ ಹಸಿರಿನಲ್ಲಿ ದಿಂಬಿನ ಚೀಲವನ್ನೇ ಹೊಲಿದಿದ್ದಳು. ಅಷ್ಟೆಲ್ಲ ಹೇಳುವ ಶಾಸ್ತ್ರಿಗಳು, ಅದು ತೆರೆಯುವುದು ಯಾವಾಗ ಎಂದು ಕೇಳಿದರೆ ಮಾತ್ರ ಕೆಮ್ಮುತ್ತಿದ್ದರು.

ನಾಲ್ಕನೇ ಸಂಜೆ ಅರವತ್ತು ಜನ. ನೂಕುನುಗ್ಗಲು ಶುರುವಾಯಿತು. ನನಗೆ ತಡೆಯಲಾಗಲಿಲ್ಲ. ಕೌಂಟರಿನ ದನಿ ತೆಗೆದೆ. ನಂಬರು ಕೊಡುತ್ತೇನೆ, ನಂಬರಿಲ್ಲದವರು ಗೋಡೆ ಕಡೆ ನಿಲ್ಲಿ, ಕೂಸು ಇರುವವರು ಮುಂದೆ ಬನ್ನಿ ಎಂದೆ. ರಾಕ್ಷಸರನ್ನು ಕೊಂದವರೆಲ್ಲ ತೆಪ್ಪಗೆ ಗೋಡೆ ಕಡೆ ಸರಿದರು. ಅವತ್ತಿನಿಂದ ದಿನಾ ಸಂಜೆ ಆರಕ್ಕೆ ಟೋಕನ್. ಯಾರೋ ಅದನ್ನು ವಿಡಿಯೋ ಮಾಡಿ ಹಾಕಿದರು. ವಾರ ಮುಗಿಯುವಷ್ಟರಲ್ಲಿ ಆಸ್ಪತ್ರೆಯ ಔಷಧಿ ಕೌಂಟರಿನ ಹುಡುಗಿ ನನ್ನ ಫೋನಿಗೊಂದು ಸ್ಟಿಕ್ಕರು ಕಳಿಸಿದಳು. ಮೀಸೆಯ ದೈತ್ಯ, ಕೈಯಲ್ಲಿ ಕೊಡಲಿ, ಕೆಳಗೆ 'ನಿಮ್ದು ನನ್ನ ಹಿಂದೆ' ಎಂಬ ಬರಹ. ಇದು ಈಗ ಎಲ್ಲ ಕಡೆ ಓಡುತ್ತಿದೆ ಮೇಡಂ, ನಿಮ್ಮ ಕೆಲಸಕ್ಕೆ ಹೊಂದುತ್ತೆ ಅಂತ ಕಳಿಸಿದೆ ಎಂದಳು. ನಾನು ಚಂದ ಇದೆಯಮ್ಮ ಎಂದಷ್ಟೇ ಹೇಳಿ ಮುಂದಿನ ನಂಬರು ಒತ್ತಿದೆ.

ಕಥೆ ಸಿಕ್ಕಿತ್ತು. ರಾತ್ರಿ ಊಟಕ್ಕೆ ಮುಂಚೆ ಕೂತು ಸಾಲಿನಲ್ಲಿ ಕೇಳಿದ್ದನ್ನೆಲ್ಲ ಬರೆಯುತ್ತಾ ಹೋದೆ. ಕೊನೆ ಮಾತ್ರ ಬಾಕಿ. ತಿಂಗಳು ಮುಗಿಯಲು ಐದು ದಿನ ಇತ್ತು, ಬಾಗಿಲು ತೆರೆಯುವ ಲಕ್ಷಣವಿಲ್ಲ. ನಾನೇ ತೆರೆದುಬಿಟ್ಟೆ. ಹಸಿರು ಬಾಗಿಲು ನಿಧಾನವಾಗಿ ತೆರೆಯಿತು, ಒಳಗಿನಿಂದ ಬೆಳಕು ಸುರಿಯಿತು, ಬೆಳಕಿನಲ್ಲಿ ಎಲ್ಲರ ತಾಯಂದಿರು ನಿಂತಿದ್ದರು ಎಂದು ಬರೆದು ಬೋಲ್ಟುವಿಗೆ ಓದಿ ಹೇಳಿದೆ.

ಅವಳು ಸ್ಪ್ಯಾನರು ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. "ಅತ್ತಿಗೆ, ಬೈಬೇಡಿ. ಅದು ಬಾಗಿಲೇ ಅಲ್ಲ."

ಕೆಲವು ಕಟ್ಟಡಗಳಲ್ಲಿ ಲಿಫ್ಟು ನಿಲ್ಲದ ಮಹಡಿಯಲ್ಲೂ ನೋಟಕ್ಕೆಂದು ಒಂದು ಬಾಗಿಲು ಕೂರಿಸಿರುತ್ತಾರಂತೆ. ತೆಗೆದರೆ ಗೋಡೆ. ಇದೂ ಹಾಗೆಯೇ, ಗಲ್ಲಿ ಬೋಳಾಗಿ ಕಾಣಬಾರದೆಂದು ಆಟ ಮಾಡಿದವರು ಬಿಡಿಸಿಟ್ಟ ಚಿತ್ರ. ಹಿಂದೆ ಏನೂ ಇಲ್ಲ. ಹನ್ನೊಂದು ವರ್ಷದಿಂದ ಎಲ್ಲರಿಗೂ ಗೊತ್ತು. ಹೊಸಬರಿಗೆ ಮಾತ್ರ ಹೇಳಬಾರದು, ಅದು ಆ ಗಲ್ಲಿಯ ಒಂದೇ ಒಂದು ಕಟ್ಟಳೆ. ಅದಕ್ಕೇ ತಾನೂ ಹೇಳಲಿಲ್ಲ ಎಂದಳು.

ಹದಿನೈದು ದಿನ ನಾನು ಚಿತ್ರದ ಮುಂದೆ ಸಾಲು ನಿಂತಿದ್ದೆ, ಸಾಲದ್ದಕ್ಕೆ ನಂಬರು ಬೇರೆ ಹಂಚಿದ್ದೆ. ಊರೆಲ್ಲ ಓಡುತ್ತಿದ್ದ ಆ ಸ್ಟಿಕ್ಕರು ನೋಡಿ ಜನ ನಗುವ ನಗು ಈಗ ಬೇರೆಯಾಗಿ ಕೇಳಿಸಿತು. ಹಾಳೆಗಳನ್ನು ಮಡಿಸಿ ಅಕ್ಕಿ ಡಬ್ಬದ ಮೇಲೆ ಇಟ್ಟೆ. ಮಾರನೇ ಸಂಜೆ ಕಂಪ್ಯೂಟರಿನ ಕಡೆ ತಲೆ ಹಾಕಲಿಲ್ಲ. ನಮ್ಮವರು ಏನೂ ಕೇಳದೆ ಎರಡನೇ ಸಲ ಚಹಾ ತಂದಿಟ್ಟರು, ಅಂದರೆ ಬೋಲ್ಟು ಎಲ್ಲ ಹೇಳಿದ್ದಾಳೆ ಎಂದಾಯಿತು.

ಅದರ ಮರುದಿನ ಆರೂವರೆಗೆ ಅವಳು ಹೆಡ್‌ಫೋನು ತಂದು ನನ್ನ ಮಡಿಲಲ್ಲಿಟ್ಟಳು. ನಿನ್ನೆಯೂ ನಿಂತಿದ್ದರು, ಇವತ್ತೂ ನಿಂತಿದ್ದಾರೆ, ನಂಬರು ಕರೆಯುವವರಿಲ್ಲ, ಒಬ್ಬರೂ ಜಾಗ ಬಿಟ್ಟಿಲ್ಲ ಎಂದಳು. ಸಿಟ್ಟಿದ್ದರೆ ಅವರ ಮುಖಕ್ಕೇ ಹೇಳಿ ಎಂದಳು.

ಹಾಗೇ ಮಾಡಿದೆ. ಗಲ್ಲಿ ತುಂಬಿತ್ತು. ನಿಮಗೆಲ್ಲ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿತ್ತು ಎಂದರು ಶಾಸ್ತ್ರಿಗಳು. ಹಾಗಾದರೆ ನನ್ನನ್ನು ನೋಡಿ ನಗುವುದಕ್ಕೆ ನಿಂತಿರಾ ಎಂದೆ.

ಗುಡುಗುಪ್ಪ ಗಂಟಲು ಸರಿಮಾಡಿಕೊಂಡ. "ಮೊದಲನೇ ದಿನ ನಗೋಕೇ ನಿಂತಿದ್ದು ಅಮ್ಮ, ಸುಳ್ಳು ಯಾಕೆ ಹೇಳ್ಲಿ. ಆಮೇಲಲ್ಲ. ನಾನು ದಿನಾ ಒಂದಲ್ಲ ಒಂದು ಗೇಟಿನ ಮುಂದೆ ಕಾಯ್ತೀನಿ. ಹನ್ನೆರಡು ವರ್ಷದಲ್ಲಿ ಒಬ್ಬರೂ ನನ್ನ ನಂಬರು ಎಷ್ಟು ಅಂತ ಹೇಳಿಲ್ಲ. ಇಲ್ಲಿ ನೀವು ಹೇಳಿದ್ರಿ. ಬಾಗಿಲು ಸುಳ್ಳಿರಬಹುದು, ನನ್ನ ಸರದಿ ಸುಳ್ಳಲ್ಲ."

ಅರ್ಧ ಬಿಸ್ಕತ್ತಿನ ಕೂಸು ಎಲ್ಲೋ ಸಣ್ಣಗೆ ಕುಂಯ್‌ಗುಟ್ಟಿತು.

"ಹೊಸಬರಿಗೆ ಹೇಳಬಾರದು ಅನ್ನೋದು ನಗೋಕಲ್ಲ," ಎಂದರು ಶಾಸ್ತ್ರಿಗಳು. "ನಾನೂ ಮೊದಲನೇ ದಿನ ನಾಲ್ಕು ಗಂಟೆ ಇಲ್ಲಿ ಬೀಗ ಹುಡುಕಿದವನೇ. ಹೇಳಿಬಿಟ್ರೆ ಅವರಿಗೊಂದು ಊಹೆ ಹುಟ್ಟಲ್ಲ, ಪುಟ ಅಲ್ಲಿಗೇ ನಿಲ್ಲುತ್ತೆ. ಇನ್ನೂರ ಹನ್ನೆರಡು ಜನ ಒಳಗೆ ಏನಿದೆ ಅಂತ ಊಹೆ ಮಾಡಿದ್ರು. ಹೊರಗೆ ಯಾರಿದಾರೆ ಅಂತ ಕೇಳಿದ್ದು ನೀವೊಬ್ಬರೇ."

ಅಕ್ಕಿ ಡಬ್ಬದ ಮೇಲಿನ ಹಾಳೆ ಆಗ ನೆನಪಾಯಿತು. ಮತ್ತೆ ಬ್ಯಾಂಡೇಜು ಬಿಚ್ಚಿದ್ದೆನಲ್ಲ ಎಂದು ನಾಚಿಕೆಯೂ ಆಯಿತು, ನಗುವೂ ಬಂತು. ನಾನು ಕಥೆ ಬರೆಯುವ ವಿಷಯ ಅವರಿಗೆ ಹೇಳಿದೆ. ಇಷ್ಟು ದಿನ ಕೇಳಿಸಿಕೊಂಡದ್ದನ್ನು ಬರೆದಿದ್ದೇನೆ, ಅದು ನಿಮ್ಮ ಮಾತು, ಬೇಡ ಎಂದವರದ್ದನ್ನು ಈಗಲೇ ಹೊಡೆದುಹಾಕುತ್ತೇನೆ ಎಂದೆ. ಅಭಿಮಾನಿಗಳ ಲೋಕದಲ್ಲಿ ಇದು ದೊಡ್ಡ ವಿಷಯವಂತೆ. ಒಬ್ಬರ ಊಹೆಯನ್ನು ಇನ್ನೊಬ್ಬರು ಎತ್ತಿಕೊಂಡರೆ ಯಾರದ್ದೆಂದು ಹೇಳಲೇಬೇಕು. ಹೇಳಿದರೆ ಸಂತೋಷ, ಹೇಳದಿದ್ದರೆ ವರ್ಷಗಟ್ಟಲೆ ಜಗಳ. ಎಲ್ಲರೂ ಒಪ್ಪಿದರು. ಒಂದೇ ಷರತ್ತು, ತಮ್ಮ ಆಟದೊಳಗಿನ ಹೆಸರೇ ಹಾಕಬೇಕು. ಗುಡುಗುಪ್ಪ ಮಾತ್ರ ಇನ್ನೊಂದು ಸೇರಿಸಿದ, ಗುರಾಣಿಯ ಬಣ್ಣ ಕೆಂಪು ಎಂದು ಬರೆಯಬೇಕಂತೆ, ಜನ ಕಂದು ಅಂದುಕೊಳ್ಳುತ್ತಾರಂತೆ.

ಇನ್ನು ಮೂರು ದಿನ. ಕೊನೆ ಎಲ್ಲಿಂದ ತರುವುದು? ಮಾರನೇ ಸಂಜೆ ಸಾಲಿನ ತುದಿಯಿಂದ ನಡೆದು ಮುಂದಕ್ಕೆ ಹೋದೆ. ಚಪ್ಪಲಿಯಂತೆ ನಿಂತ ಆ ಮೂವರನ್ನು ದಾಟಿದೆ, ಮೆಟ್ಟಿಲು ಹತ್ತಿದೆ. ಹತ್ತಿರದಿಂದ ನೋಡಿದರೆ ಹಿತ್ತಾಳೆಯ ಬಳೆಯೂ ಬರೀ ಬಣ್ಣ. ಆಮೇಲೆ ಬಾಗಿಲಿಗೆ ಬೆನ್ನು ಹಾಕಿ ಸಾಲಿನ ಕಡೆ ತಿರುಗಿದೆ. ಇಪ್ಪತ್ತಾರು ವರ್ಷದಿಂದ ನಾನು ಕೂತ ಜಾಗ ಅದೇ, ಗುರುತು ಹತ್ತುವುದಕ್ಕೆ ಇಷ್ಟು ದಿನ ಬೇಕಾಯಿತು.

"ಟೋಕನ್ ಒಂದು," ಎಂದೆ. "ಬನ್ನಿ, ಹೇಳಿ."

ಏನು ಹೇಳಬೇಕು ಎಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರಾಗಿ ಮೆಟ್ಟಿಲ ಹತ್ತಿರ ಬಂದರು. ಒಬ್ಬ ಎರಡು ತಲೆಯ ಮಾಂತ್ರಿಕ, ನಾಳೆ ಸಂದರ್ಶನವಿದೆ ಎಂದು ಹೇಳಿ ಹೋದ. ಒಬ್ಬಾಕೆ ತನ್ನ ಅಕ್ಕನ ಜೊತೆ ಆರು ವರ್ಷದಿಂದ ಮಾತಿಲ್ಲ, ಆ ಅಕ್ಕನಿಗೂ ಇದೇ ಆಟದ ಹುಚ್ಚು, ಈ ಸಾಲಿನಲ್ಲಿದ್ದರೂ ಇರಬಹುದು ಎಂದಳು. ಹಿಂದಿನಿಂದ ಯಾರೋ, ಟೋಕನ್ ಎಪ್ಪತ್ತು ನಾನೇ ಕಣೇ, ಸಾಕು ಮುಂದೆ ಹೋಗು ಎಂದರು. ಗುಡುಗುಪ್ಪ ಬಂದು, ಒಂದು ದಿನ ಮನೆ ಮುಂದೆ ಗಾಡಿ ನಿಲ್ಲಿಸಿ ನನ್ನನ್ನೇ ಇಳಿಸ್ಕೋಬೇಕು ಅಮ್ಮ, ಅಷ್ಟೇ ಎಂದ. ಅರ್ಧ ಬಿಸ್ಕತ್ತು ಏನೂ ಹೇಳದೆ ಮೈಕನ್ನು ಕೂಸಿನ ಬಾಯಿಯ ಹತ್ತಿರ ಹಿಡಿದಳು. ನಿದ್ದೆಯಲ್ಲಿರುವ ಕೂಸಿನ ಉಸಿರು. ಆಯುಧ ಹಿಡಿದ ನೂರು ಚಿಲ್ಲರೆ ಜನ ಉಸಿರು ಬಿಗಿಹಿಡಿದು ಅದನ್ನು ಕೇಳಿದರು. ಶಾಸ್ತ್ರಿಗಳು, ದಿನಕ್ಕೆ ಎಷ್ಟೋ ಬಾಗಿಲು ತೆಗೀತೀನಿ ತಾಯಿ, ತೆಗೆಯದೆ ನಡೆಯೋದು ಒಂದಾದ್ರೂ ಇರಲಿ ಎಂದರು.

ಎರಡು ಸಂಜೆ ಹಿಡಿಯಿತು. ಎಲ್ಲ ಸೇರಿ ನೂರ ಅರವತ್ತೆರಡು ಟೋಕನ್. ಕೊನೆಯ ನಂಬರು ಕರೆದಾಗ ಮುಂದೆ ಬಂದವಳು ಕೋಡು, ರೆಕ್ಕೆ ಎಲ್ಲ ಇದ್ದ ಒಬ್ಬ ಯೋಧೆ. ದನಿ ಹೆಡ್‌ಫೋನಿನಲ್ಲೂ ಬಂತು, ಪಕ್ಕದ ಕೋಣೆಯಿಂದಲೂ ಬಂತು.

"ಎಂಟು ವರ್ಷದಿಂದ ಕರೀತಿದ್ದೆ ಅತ್ತಿಗೆ," ಎಂದಳು ಬೋಲ್ಟು. "ಬಂದ್ರಲ್ಲ."

ಅದನ್ನೇ ಕೊನೆಯ ವಾಕ್ಯ ಮಾಡಿ, ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಪತ್ರಿಕೆಯ ಕಚೇರಿಗೇ ಹೋಗಿ ಲಕೋಟೆ ಕೊಟ್ಟು ಬಂದೆ.

ಸಂಪಾದಕಿಯವರು ನಾಲ್ಕನೇ ದಿನ ಫೋನು ಮಾಡಿದರು. ನಮಸ್ಕಾರವಿಲ್ಲ, ಏನಿಲ್ಲ. "ಇದರಲ್ಲಿ ನೀವು ಹುಟ್ಟಿಸಿದ್ದು ಎಷ್ಟು?" ಎಂದರು.

"ಒಂದೇ," ಎಂದೆ. "ಕಪ್ಪೆ ನನ್ನ ಮೂರು ಸಲ ಕೊಂದಿತು ಅಂತ ಬರ್ದಿದೀನಿ. ನಿಜಕ್ಕೆ ಏಳು ಸಲ."

ಅವರು ನಕ್ಕದ್ದನ್ನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೇಳಿದೆ. ಏಳು ಎಂದು ತಿದ್ದಿಸುತ್ತೇನೆ, ವಿಶೇಷಾಂಕದ ಮೊದಲ ಕಥೆ ಇದೇ, ನನ್ನ ಕೊನೆಯ ಸಂಚಿಕೆ ನಿಮ್ಮಿಂದ ಶುರುವಾಗುತ್ತದೆ ಎಂದರು. ನಾನು ಫೋನಿಟ್ಟು ಮುಂದಿನ ನಂಬರನ್ನು ಒಂದು ಸಲ ಒತ್ತುವ ಬದಲು ಮೂರು ಸಲ ಒತ್ತಿಬಿಟ್ಟೆನಂತೆ. ಒಂದೇ ಹೊತ್ತಿಗೆ ಮೂರು ಜನ ಎದ್ದು ಬಂದರು. ಮೂವರಿಗೂ ವಿಷಯ ಹೇಳಿದೆ, ಸಂಜೆ ಗಲ್ಲಿಯ ಸಾಲಿಗೂ ಹೇಳಿದೆ.

ಸಂಚಿಕೆ ಬಂದ ದಿನ ಬೇಗ ಎದ್ದು ಬಸ್ ನಿಲ್ದಾಣದ ಪಕ್ಕದ ಪೇಪರ್ ಅಂಗಡಿಗೆ ಹೋದೆ. ಅಲ್ಲೊಂದು ಸಾಲು ಇತ್ತು. ಪತ್ರಿಕೆ ಕೊಳ್ಳಲು ಸಾಲು ನಿಲ್ಲುವುದನ್ನು ನಾನು ನೋಡಿದ್ದೇ ಇಲ್ಲ. ಹಾಲಿನ ಚೀಲ ಹಿಡಿದವರು, ಆಫೀಸಿನ ಗುರುತುಚೀಟಿ ಕತ್ತಿಗೆ ಹಾಕಿಕೊಂಡವರು, ಹೆಲ್ಮೆಟ್ ತೆಗೆಯದೆ ನಿಂತ ಒಬ್ಬ, ಎಲ್ಲ ಸೇರಿ ಹದಿನೈದು ಜನ. ಅಭ್ಯಾಸಬಲ, ಹೋಗಿ ತುದಿಯಲ್ಲಿ ನಿಂತೆ. ಏನು ಕೊಡುತ್ತಿದ್ದಾರೆ ಇಲ್ಲಿ ಎಂದು ನನ್ನ ಮುಂದಿದ್ದ ಹೆಂಗಸನ್ನು ಕೇಳಿದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಐವತ್ತೆರಡು ವರ್ಷ, ಕನ್ನಡಕ, ಮಂಡಿನೋವು. "ಹೊಸಬರಾ?" ಎಂದಳು. "ಹಾಗಾದ್ರೆ ಹೇಳೋ ಹಾಗಿಲ್ಲ. ನಿಮ್ದು ನನ್ನ ಹಿಂದೆ."

ನಾನು ಹಿಂದೆ ನಿಂತೆ. ನನ್ನ ಹಿಂದೆ ಇನ್ನೂ ಇಬ್ಬರು ಬಂದು ನಿಂತರು. ನನ್ನ ಮುಂದೆ ನಾಲ್ಕು ಜನ ಇರುವಾಗ ಅಂಗಡಿಯವನು ಎರಡೂ ಕೈ ಎತ್ತಿ, ಮುಗಿದೋಯ್ತು, ಸಂಜೆ ಬನ್ನಿ, ನನಗೂ ಏನಾಗ್ತಿದೆ ಗೊತ್ತಾಗ್ತಿಲ್ಲ ಎಂದ. ಜನ ಗೊಣಗುತ್ತಾ ಚದುರಿದರು. ನಾನು ಅಲ್ಲೇ ನಿಂತು, ಪತ್ರಿಕೆ ಖಾಲಿಯಾದ ಜಾಗವನ್ನು ಕಣ್ತುಂಬ ನೋಡಿದೆ. ಆಮೇಲೆ ಅಂಗಡಿಯವನಿಗೆ ಒಂದು ಮಾತು ಹೇಳಿದೆ. ಸಂಜೆ ಆರಕ್ಕೆ ಬರುತ್ತೇನೆ, ಜನ ಜಾಸ್ತಿಯಾದರೆ ನಂಬರು ಕೊಡಬೇಕಾಗುತ್ತದೆ, ಆ ಕೆಲಸ ನನಗೆ ಬಿಡಿ ಎಂದೆ.